ಹೇನು ಎಣಿಸಿದರೆ ಸಾಲದು, ಕಾಳನ್ನೂ ತೂಗಬೇಕು

ಹೇನು ಹತ್ತಿದ ಬಾರ್ಲಿ ಗಿಡದ ಸುಳಿ ಬಿಡಿಸಿ ನೋಡಿ. ನೀಲಿ ಮಿಶ್ರಿತ ಹಸಿರು ಬಣ್ಣದ ಪುಟ್ಟ ಹೇನುಗಳು ಒತ್ತೊತ್ತಾಗಿ ಕೂತಿರುತ್ತವೆ. ಸೂಜಿಯಂಥ ಬಾಯಿಂದ ಚುಚ್ಚಿ ರಸ ಹೀರುತ್ತವೆ. ಕೆಲವು ಜಾತಿಗಳು ಎಲೆ ಹಳದಿಯಾಗಿಸಿ ಗಿಡವನ್ನು ಕುಳ್ಳಾಗಿಸುವ ವೈರಸ್ಸನ್ನೂ ಹೊತ್ತು ತರುತ್ತವೆ. ಬೆಳೆ ಇರುವ ಕಾಲದಲ್ಲಿ ಇವಕ್ಕೆ ಗಂಡೇ ಬೇಕಿಲ್ಲ. ಹೆಣ್ಣು ನೇರವಾಗಿ ಮರಿ ಹಾಕುತ್ತದೆ. ಹುಟ್ಟುವ ಮರಿಯ ಹೊಟ್ಟೆಯಲ್ಲೇ ಮುಂದಿನ ತಲೆಮಾರು ಬೆಳೆಯುತ್ತಿರುತ್ತದೆ!

ಹಾಗಾದರೆ ಬಿತ್ತಲು ತಳಿ ಆರಿಸುವಾಗ ಹೇನು ಕಡಿಮೆ ಇರುವುದೇ ಒಳ್ಳೆಯದು, ಅಲ್ವಾ? ಅಷ್ಟು ಸುಲಭವಿಲ್ಲ.

ಗಿಡ ಕೀಟವನ್ನು ಎದುರಿಸುವ ಬಗೆ ಮೂರು ಎಂದು 1951ರಲ್ಲಿ ಅಮೆರಿಕದ ಕೀಟವಿಜ್ಞಾನಿ ರೆಜಿನಾಲ್ಡ್ ಪೇಂಟರ್ ವಿಂಗಡಿಸಿದರು. ಕೆಲವು ತಳಿಗಳ ಮೇಲೆ ಕೂರಲು ಹೇನಿಗೆ ಮನಸ್ಸಾಗುವುದಿಲ್ಲ. ಕೆಲವನ್ನು ತಿಂದರೂ ಅದು ಏಳಿಗೆಯಾಗುವುದಿಲ್ಲ, ಮರಿಗಳು ಕಡಿಮೆಯಾಗುತ್ತವೆ. ಬಾರ್ಲಿ ಎಲೆಯ ಗ್ರಾಮೈನ್ ಎಂಬ ಕಹಿ ರಾಸಾಯನಿಕ ಹೇನಿಗೆ ಆಗಿಬರುವುದಿಲ್ಲ. ಎಷ್ಟೋ ಸಾಗುವಳಿ ತಳಿಗಳಲ್ಲಿ ಅದು ಇಲ್ಲವೇ ಇಲ್ಲ. ಮೂರನೆಯದು ನನಗೆ ತುಂಬಾ ಇಷ್ಟವಾದ ಬಗೆ: ಮೈತುಂಬ ಹೇನಿದ್ದರೂ ತಾಳಿಕೊಂಡು ತೆನೆ ತುಂಬಿಸುವ ಗಿಡ. ಬರೀ ಹೇನು ಎಣಿಸಿದರೆ ಇಂಥ ತಳಿ ಆಯ್ಕೆಯ ಮೊದಲ ಸುತ್ತಿನಲ್ಲೇ ಹೊರಬೀಳುತ್ತದೆ.

ಅದಕ್ಕೇ ಜೋಡಿ ತಾಕು ಬೇಕು. ಒಂದೇ ತಳಿಯನ್ನು ಎರಡು ತಾಕಿನಲ್ಲಿ ಬಿತ್ತಿ, ಒಂದಕ್ಕೆ ಔಷಧಿ ಸಿಂಪಡಿಸಿ, ಇನ್ನೊಂದನ್ನು ಹೇನಿಗೆ ಬಿಡುತ್ತಾರೆ. ಹೊಲದ ಮಣ್ಣು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ. ಹಾಗಾಗಿ ಪ್ರತಿ ತಳಿಗೂ ಮೂರು ನಾಲ್ಕು ಕಡೆ ಜಾಗ ಕೊಡುತ್ತಾರೆ, ಅದೂ ಚೀಟಿ ಎತ್ತಿದ ಹಾಗೆ. ವಾರವಾರ ಕೆಲವು ತೆಂಡೆಗಳ (ಬುಡದಿಂದ ಒಡೆಯುವ ಕವಲುಗಳ) ಮೇಲಿನ ಹೇನು ಎಣಿಸುತ್ತಾರೆ. ಕೊಯ್ದ ಮೇಲೆ ಕಾಳನ್ನು ಒಂದೇ ಹದಕ್ಕೆ ಒಣಗಿಸಿ ತೂಗುತ್ತಾರೆ. ಎರಡು ತಾಕುಗಳ ತೂಕದ ಅಂತರವೇ ಹೇನು ತಿಂದ ಲೆಕ್ಕ.

ಆ ಲೆಕ್ಕವನ್ನೂ ಸುಮ್ನೆ ನಂಬುವಂತಿಲ್ಲ. ಹೇನಿನಿಂದ ಒಂದು ತಳಿಯ ಕಾಳು 400 ಗ್ರಾಂನಿಂದ 360ಕ್ಕೆ ಇಳಿಯಿತು ಅಂದುಕೊಳ್ಳಿ. ಇನ್ನೊಂದು 250ರಿಂದ 245ಕ್ಕೆ. ಮೊದಲನೆಯದರ ನಷ್ಟ ಶೇ. 10, ಎರಡನೆಯದರದು ಬರೀ ಶೇ. 2. ಆದರೂ ಹೇನು ಬಿದ್ದ ಹೊಲದಲ್ಲಿ ಮೊದಲನೆಯದೇ ಜಾಸ್ತಿ ಕಾಳು ಕೊಟ್ಟಿತು. ರೈತ ಬಿತ್ತುವುದು ಅದನ್ನೇ. ತಳಿ ತಜ್ಞರು ಮಾತ್ರ ಎರಡನೆಯದನ್ನೂ ಎತ್ತಿಡಬೇಕು, ಅದರ ಗುಣವನ್ನು ಮೊದಲನೆಯದಕ್ಕೆ ಸೇರಿಸಬಹುದೇ ಎಂದು ಸಂಕರ ಮಾಡಿ ನೋಡಲು.

ಹೇನೂ ಬದಲಾಗುತ್ತದೆ. ಬಾರ್ಲಿಯನ್ನೂ ಗೋಧಿಯನ್ನೂ ಕಾಡುವ ರಷ್ಯನ್ ಗೋಧಿ ಹೇನು 1986ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಕಾಣಿಸಿತು. ಅದನ್ನು ತಡೆಯುವ ಗೋಧಿ ತಳಿಗಳು ಬಂದವು. 2003ರಲ್ಲಿ ಕೊಲರಾಡೋದಲ್ಲಿ ಆ ಗೋಧಿಯನ್ನೂ ಹಾಳುಮಾಡುವ ಹೊಸ ಬಗೆಯ ಹೇನು ಸಿಕ್ಕಿತು. ಗೆದ್ದ ತಳಿಗಳನ್ನೆಲ್ಲ ಮತ್ತೆ ಹೇನಿನ ಮುಂದೆ ನಿಲ್ಲಿಸಬೇಕಾಯಿತು.