ಮೊದಲು ಬರೆಯಬೇಕಾದ ಸಾಲು, ಕೊನೆಗೆ ಗೊತ್ತಾಗುವ ಸಾಲು

ಏಪ್ರಿಲ್‌ನ ಒಂದು ಮಧ್ಯಾಹ್ನ. ವಿಜಯಪುರದ ಬಿಸಿಲು ಗೊತ್ತಲ್ಲ, ಊಟ ಮಾಡಿ ಕೂತರೆ ಕಣ್ಣು ತಾನಾಗೇ ಮುಚ್ಚುತ್ತದೆ. ಅಷ್ಟರಲ್ಲಿ ಫೋನ್ ಬಂತು. ಊರ ಹೊರಗಿನ ಒಂದು ಕೋಲ್ಡ್ ಸ್ಟೋರೇಜಿನ ಗುಮಾಸ್ತರು. ತಿಕೋಟಾ ಕಡೆಯ ರೈತರು ಒಣದ್ರಾಕ್ಷಿ ಪೆಟ್ಟಿಗೆ ತಂದು ಇಡುವ ಜಾಗ ಅದು. ಯಾರವು ಎಷ್ಟು ಪೆಟ್ಟಿಗೆ, ಯಾವ ಕೋಣೆಯಲ್ಲಿವೆ ಅನ್ನುವ ಲೆಕ್ಕದ ಸಾಫ್ಟ್‌ವೇರ್ ನಾವು ಬರೆದುಕೊಟ್ಟದ್ದು.

"ಸರ, ಪಟ್ಟಿ ಅರ್ಧಕ್ಕ ನಿಂತೈತ್ರಿ. ಡೌನ್‌ಲೋಡ್ ಮಾತ್ರ ಪೂರಾ ಆಗೇತಿ ಅಂತ ತೋರಸಾಕತ್ತೈತಿ. ಯಾವುದನ್ನ ನಂಬಬೇಕ್ರಿ?"

ಸರ್ವರ್ ಲಾಗ್ ತೆಗೆದು ನೋಡಿದೆ. ಆ ಹೊತ್ತಿನ ಸಾಲಿನ ಮುಂದೆ 200 ಅಂತ ಇತ್ತು. ವೆಬ್ ಲೆಕ್ಕದಲ್ಲಿ 200 ಅಂದರೆ ಎಲ್ಲ ಸರಿ. ಅದಕ್ಕಿಂತ ಒಂದೇ ಸಾಲು ಮೇಲೆ ಡೇಟಾಬೇಸ್ ಸಂಪರ್ಕ ಕಡಿದುಹೋದ ಸುದ್ದಿ ಇತ್ತು. ಎಡವಿದ್ದು ಸರ್ವರ್‌ಗೆ ಚೆನ್ನಾಗಿಯೇ ಗೊತ್ತಿತ್ತು. ಆದರೂ ಹೊರಗೆ ಹೇಳಿದ್ದು ‘ಎಲ್ಲ ಸರಿ’ ಅಂತ.

ತಪ್ಪು ನಮ್ಮ ಕೋಡಿನದೇ. ಆದರೆ ಅದರ ಬೇರು ಹುಡುಕುತ್ತ ಹೋದರೆ ಮೂವತ್ತು ವರ್ಷಕ್ಕೂ ಹಿಂದಿನ ಒಂದು ತೊಡಕು ಸಿಗುತ್ತದೆ. ವೆಬ್ ಫ್ರೇಮ್‌ವರ್ಕ್‌ಗಳು (ಸೈಟ್ ಕಟ್ಟಲು ಬಳಸುವ ಸಿದ್ಧ ಚೌಕಟ್ಟುಗಳು) ರೆಸ್ಪಾನ್ಸ್ ಅನ್ನು, ಅಂದರೆ ಸರ್ವರ್ ಕೊಡುವ ಉತ್ತರವನ್ನು, ಹೇಗೆ ಸಂಭಾಳಿಸುತ್ತವೆ ಅನ್ನುವುದರ ಹೆಚ್ಚುಕಡಿಮೆ ಇಡೀ ಚರಿತ್ರೆ ಅದೊಂದೇ ತೊಡಕಿನ ಸುತ್ತ ತಿರುಗಿದೆ.

ಅದನ್ನು ಹೇಳಲು ನಮ್ಮ ಕಡೆಯ ಲಾರಿಯೇ ಸಾಕು. ಲಾರಿಯಲ್ಲಿ ಮಾಲಿನ ಜೊತೆ ಬಿಲ್ಟಿ ಅಂತ ಒಂದು ಚೀಟಿ ಹೋಗುತ್ತದೆ. ಏನು ಮಾಲು, ಎಷ್ಟು ನಗ, ಯಾರಿಗೆ, ಎಲ್ಲ ಅದರಲ್ಲಿರುತ್ತದೆ. ಬ್ರೌಸರ್ ಮತ್ತು ಸರ್ವರ್ ಮಾತಾಡಿಕೊಳ್ಳುವ ನಿಯಮವಾದ ಎಚ್‌ಟಿಟಿಪಿಯ ರೆಸ್ಪಾನ್ಸ್ ಕೂಡ ಹಾಗೆಯೇ. ಮೊದಲ ಸಾಲಿನಲ್ಲಿ ಸ್ಟೇಟಸ್ ಕೋಡ್, ಅಂದರೆ ಕೆಲಸ ಆಯಿತೋ ಕೆಟ್ಟಿತೋ. ಆಮೇಲೆ ಹೆಡರ್‌ಗಳು: ಇದು ಯಾವ ಬಗೆಯ ಮಾಹಿತಿ, ಎಷ್ಟು ಉದ್ದ, ಎಷ್ಟು ಹೊತ್ತು ಇಟ್ಟುಕೊಳ್ಳಬಹುದು. ಆಮೇಲೆ ಒಂದು ಖಾಲಿ ಸಾಲು. ಅದಾದ ಮೇಲೆ ಬಾಡಿ, ಅಂದರೆ ಮಾಲು. ಒಂದೇ ತಂತಿಯಲ್ಲಿ, ಬಿಲ್ಟಿ ಮುಂದೆ, ಮಾಲು ಹಿಂದೆ. ಮಾಲೆಲ್ಲ ಸರಿಯಾಗಿ ಬಂತೋ ಇಲ್ಲವೋ ಗೊತ್ತಾಗುವುದು ಕೊನೆಯ ಪೆಟ್ಟಿಗೆ ಏರಿಸಿದ ಮೇಲೆ. ಆದರೆ ಬಿಲ್ಟಿ ಅದಕ್ಕೂ ಮೊದಲೇ ಹೋಗಿಬಿಟ್ಟಿರುತ್ತದೆ. ಹೋದದ್ದನ್ನು ತಿದ್ದೋಕಾಗಲ್ಲ.

ಶುರುವಿನಲ್ಲಿ ಬಿಲ್ಟಿಯೇ ಇರಲಿಲ್ಲ. 1991ರಲ್ಲಿ ವೆಬ್ ಹುಟ್ಟಿಸಿದ ಟಿಮ್ ಬರ್ನರ್ಸ್-ಲೀ ಯುರೋಪಿನ ಸರ್ನ್ ಪ್ರಯೋಗಾಲಯದಲ್ಲಿ ಬರೆದ ಮೊದಲ ಎಚ್‌ಟಿಟಿಪಿ, ಈಗ 0.9 ಅಂತ ಕರೆಯುವುದು, ಬಹಳ ಸರಳ. ಒಂದು ಸಾಲಿನಲ್ಲಿ ಪುಟ ಕೇಳು, ಪುಟ ಬರುತ್ತದೆ, ಸಂಪರ್ಕ ಮುಚ್ಚುತ್ತದೆ. ಪುಟ ಇಲ್ಲದಿದ್ದರೆ ‘ಇಲ್ಲ’ ಅನ್ನುವ ಪುಟ ಬರುತ್ತದೆ. ಓದುವ ಮನುಷ್ಯನಿಗೆ ತಿಳಿಯುತ್ತದೆ, ಕೇಳಿದ ಯಂತ್ರಕ್ಕೆ ತಿಳಿಯುವುದಿಲ್ಲ. ಆಮೇಲೆ ಎಫ್‌ಟಿಪಿ ಮತ್ತು ಇಮೇಲ್ ವ್ಯವಸ್ಥೆಗಳಲ್ಲಿ ಮೊದಲೇ ಇದ್ದ ಮೂರಂಕಿಯ ಕೋಡುಗಳ ಪದ್ಧತಿ ಇಲ್ಲಿಗೂ ಬಂತು. 2ರಿಂದ ಶುರುವಾದರೆ ಸರಿ, 3 ಆದರೆ ಬೇರೆ ಕಡೆ ಹೋಗು, 4 ಆದರೆ ಕೇಳಿದವನ ತಪ್ಪು, 5 ಆದರೆ ಸರ್ವರ್ ತಪ್ಪು. ಮೇ 1996ರಲ್ಲಿ 1.0 ಆವೃತ್ತಿಯ ದಾಖಲೆ ಹೊರಬಂದಾಗ ಇದೆಲ್ಲ ಕಾಗದದ ಮೇಲೆ ಗಟ್ಟಿಯಾಯಿತು.

ಅದಕ್ಕೂ ಮುಂಚೆಯೇ, 1993ರಲ್ಲಿ, ಸರ್ವರ್ ಒಂದು ಪ್ರೋಗ್ರಾಮ್ ಓಡಿಸಿ ಉತ್ತರ ಪಡೆಯುವ ಸಿಜಿಐ ಪದ್ಧತಿ ಬಂದಿತ್ತು. ಫ್ರೇಮ್‌ವರ್ಕ್ ಅನ್ನುವ ಮಾತೇ ಇಲ್ಲದ ಕಾಲ. ನಿಮ್ಮ ಪ್ರೋಗ್ರಾಮ್ ಏನು ಪ್ರಿಂಟ್ ಮಾಡುತ್ತದೋ ಅದೇ ಉತ್ತರ. ಮೊದಲು ‘ಕಂಟೆಂಟ್-ಟೈಪ್’ ಸಾಲು, ಆಮೇಲೆ ಖಾಲಿ ಸಾಲು, ಆಮೇಲೆ ಪುಟ. ಖಾಲಿ ಸಾಲು ಮರೆತರೆ ಅಪಾಚೆ ಅನ್ನುವ ವೆಬ್ ಸರ್ವರ್ 500 ಕೊಟ್ಟು ಕೈತೊಳೆದುಕೊಳ್ಳುತ್ತಿತ್ತು. ಬಿಲ್ಟಿ ಬರೆಯುವ ಕೆಲಸ ಪೂರ್ತಿ ಪ್ರೋಗ್ರಾಮರ್ ತಲೆ ಮೇಲೆ.

ಪಿಎಚ್‌ಪಿ ಅನ್ನುವ ವೆಬ್ ಭಾಷೆ ಬಂದ ಮೇಲೆ ಆ ಕೆಲಸ ಕಣ್ಣಿಗೆ ಕಾಣದಾಯಿತು. ಇದು ಒಳ್ಳೆಯದೂ ಹೌದು, ಕೆಟ್ಟದ್ದೂ ಹೌದು. ಪುಟದ ನಡುವೆ ಕೋಡು, ಕೋಡಿನ ನಡುವೆ ಪುಟ. ಮೊದಲ ಅಕ್ಷರ ಹೊರಗೆ ಬಿದ್ದ ಕೂಡಲೇ ಪಿಎಚ್‌ಪಿ ತಾನೇ 200 ಅಂತ ಬಿಲ್ಟಿ ಬರೆದು ಕಳಿಸಿಬಿಡುತ್ತದೆ. ಆಮೇಲೆ ನೀವು ಕುಕಿ ಇಡಬೇಕು, ಬೇರೆ ಪುಟಕ್ಕೆ ಕಳಿಸಬೇಕು ಅಂದರೆ ‘ಹೆಡರ್ಸ್ ಆಲ್ರೆಡಿ ಸೆಂಟ್’ ಅಂತ ಬೈಯುತ್ತದೆ. ಪಿಎಚ್‌ಪಿ ಬರೆದ ಯಾರನ್ನೇ ಕೇಳಿ, ಈ ಬೈಗುಳ ತಿನ್ನದವರು ಸಿಗಲ್ಲ.

ಕನ್ನಡದಲ್ಲಿ ಸೈಟ್ ಮಾಡುವವರಿಗೆ ಇದರ ಒಂದು ಪಾಲು ಜಾಸ್ತಿಯೇ ಸಿಕ್ಕಿತ್ತು. ಬರೀ ಇಂಗ್ಲಿಷ್ ಬರೆದು ಫೈಲ್ ಉಳಿಸಿದರೆ ತೊಂದರೆ ಇರಲಿಲ್ಲ. ಒಳಗೆ ‘ಸ್ವಾಗತ’ ಅಂತ ಒಂದು ಪದ ಬರೆದರೂ ನೋಟ್‌ಪ್ಯಾಡ್‌ನಲ್ಲಿ ಕನ್ನಡ ಅಕ್ಷರಗಳನ್ನೂ ಉಳಿಸಬಲ್ಲ ಯುಟಿಎಫ್-8 ವಿಧಾನ ಆರಿಸಬೇಕಿತ್ತು. ಆಗಿನ ನೋಟ್‌ಪ್ಯಾಡ್ ಫೈಲಿನ ತಲೆಗೆ ಬಿಒಎಂ ಅನ್ನುವ ಮೂರು ಬೈಟ್‌ಗಳನ್ನು ಸುಮ್ನೆ ಸೇರಿಸುತ್ತಿತ್ತು. ಕಣ್ಣಿಗೆ ಕಾಣುವುದಿಲ್ಲ. ಆದರೆ ಪಿಎಚ್‌ಪಿ ಶುರುವಾಗುವ ಮೊದಲೇ ಆ ಮೂರು ಬೈಟ್ ಹೊರಗೆ ಹೋಗುತ್ತವೆ, ಅವುಗಳ ಮುಂದೆ ಬಿಲ್ಟಿಯೂ ಹೋಗುತ್ತದೆ. ‘ಒಂದನೇ ಸಾಲಿನಲ್ಲಿ ಔಟ್‌ಪುಟ್ ಶುರುವಾಗಿದೆ’ ಅಂತ ಎಚ್ಚರಿಕೆ ಬರುತ್ತದೆ. ಒಂದನೇ ಸಾಲಿನಲ್ಲಿ ನೋಡಿದರೆ ಏನೂ ಇಲ್ಲ! ಲಾಗಿನ್ ಪುಟದ ಈ ಒಂದು ಚೇಷ್ಟೆಗೆ ನಾನು ಒಂದು ಇಡೀ ರವಿವಾರ ಕಳೆದಿದ್ದೇನೆ. ನೋಟ್‌ಪ್ಯಾಡ್ ಈ ಚಾಳಿ ಬಿಟ್ಟದ್ದು 2019ರಲ್ಲಿ.

ಪಿಎಚ್‌ಪಿ ಇದಕ್ಕೆ ಕೊಟ್ಟ ಮದ್ದು ಬಫರಿಂಗ್. 2000ದಲ್ಲಿ ಬಂದ ನಾಲ್ಕನೇ ಆವೃತ್ತಿಯಿಂದ ಔಟ್‌ಪುಟ್ ಅನ್ನು ತಡೆದು ಒಂದು ಕಡೆ ಕೂಡಿಡಬಹುದಾಯಿತು. ಅಂದರೆ ಮಾಲೆಲ್ಲ ಮೊದಲು ಗೋದಾಮಿನ ಕಟ್ಟೆ ಮೇಲೆ ಇಟ್ಟು, ಎಣಿಸಿ, ಆಮೇಲೆ ಬಿಲ್ಟಿ ಬರೆಯುವುದು. ಆದರೆ ಕಟ್ಟೆ ಎಷ್ಟು ದೊಡ್ಡದು ಅನ್ನುವುದು ಸರ್ವರ್ ಸೆಟ್ಟಿಂಗ್‌ಗೆ ಬಿಟ್ಟದ್ದು. ನಮ್ಮ ಕಂಪ್ಯೂಟರಿನಲ್ಲಿ 4096 ಬೈಟ್ ಕಟ್ಟೆ, ಹೋಸ್ಟಿಂಗ್ ಸರ್ವರ್‌ನಲ್ಲಿ ಕಟ್ಟೆಯೇ ಇಲ್ಲ. ‘ನನ್ನ ಮಷಿನ್‌ನಲ್ಲಿ ನಡೀತದಲ್ಲ’ ಅನ್ನುವ ಮಾತು ಎಷ್ಟೋ ಸಲ ಇಲ್ಲಿಂದಲೇ ಹುಟ್ಟಿದ್ದು. ಜಾವಾ ಭಾಷೆಯಲ್ಲಿ ವೆಬ್ ಕೋಡು ಬರೆಯುವ ಸರ್ವ್‌ಲೆಟ್‌ನವರು ಇದಕ್ಕೆ ಒಂದು ಹೆಸರನ್ನೇ ಇಟ್ಟರು: ರೆಸ್ಪಾನ್ಸ್ ‘ಕಮಿಟ್’ ಆಗಿದೆ. ಕಮಿಟ್ ಆದ ಮೇಲೆ ರೀಡೈರೆಕ್ಟ್ ಮಾಡಹೋದರೆ, ಅಂದರೆ ಬೇರೆ ಪುಟಕ್ಕೆ ಕಳಿಸಹೋದರೆ, ಎಕ್ಸೆಪ್ಶನ್ ಅನ್ನುವ ದೋಷ.

ನಿಜವಾದ ತಿರುವು ಬಂದದ್ದು ಪೈಥಾನ್ ಭಾಷೆಯ ಕಡೆಯಿಂದ ಅಂತ ನನ್ನ ಲೆಕ್ಕ. 2003ರ ಡಿಸೆಂಬರ್‌ನಲ್ಲಿ ಫಿಲಿಪ್ ಎಬಿ ಡಬ್ಲ್ಯುಎಸ್‌ಜಿಐ ಕರಡು ಬರೆದರು. ಸರ್ವರ್ ಮತ್ತು ಫ್ರೇಮ್‌ವರ್ಕ್ ನಡುವಿನ ಒಪ್ಪಂದ ಅದು. ಅದರಲ್ಲಿ ಒಂದು ಚಿಕ್ಕ ನಿಯಮ ಇದೆ, ಯಾರೂ ಅಷ್ಟಾಗಿ ಓದುವುದಿಲ್ಲ. ಸ್ಟೇಟಸ್ ಹೇಳಲು ಕರೆಯುವ ಫಂಕ್ಷನ್ ಅನ್ನು, ದೋಷದ ವಿವರ ಜೊತೆಗಿಟ್ಟುಕೊಂಡು ಎರಡನೇ ಸಲವೂ ಕರೆಯಬಹುದು. ಹೆಡರ್ ಇನ್ನೂ ಹೊರಟಿಲ್ಲದಿದ್ದರೆ ಹಳೆಯ 200 ಅಳಿಸಿ 500 ಬರೆಯಲಾಗುತ್ತದೆ. ಹೊರಟಿದ್ದರೆ ಅದೇ ದೋಷವನ್ನು ಮತ್ತೆ ಎಸೆಯಬೇಕು. ಇಡೀ ತೊಡಕನ್ನು ಅವರು ಮೊದಲೇ ಕಂಡಿದ್ದರು ಅನ್ನುವುದಕ್ಕೆ ಈ ನಿಯಮವೇ ಸಾಕ್ಷಿ.

2005ರಲ್ಲಿ ಹೊರಬಂದ ಪೈಥಾನ್ ಫ್ರೇಮ್‌ವರ್ಕ್ ಜಾಂಗೊ ಇನ್ನೂ ಮುಂದೆ ಹೋಯಿತು. ಇಲ್ಲಿ ನೀವು ತಂತಿಗೆ ಏನನ್ನೂ ಬರೆಯುವುದಿಲ್ಲ. ಸ್ಟೇಟಸ್, ಹೆಡರ್, ಬಾಡಿ ಮೂರೂ ಸೇರಿದ ಒಂದು ರೆಸ್ಪಾನ್ಸ್ ವಸ್ತು ಮಾಡಿ ವಾಪಸ್ ಕೊಡುತ್ತೀರಿ, ಅಷ್ಟೇ. ಕೊಡುವುದು ಮರೆತರೆ ‘ವ್ಯೂ ರೆಸ್ಪಾನ್ಸ್ ಕೊಡಲಿಲ್ಲ, ನನ್ (ಏನೂ ಇಲ್ಲ) ಕೊಟ್ಟಿತು’ ಅಂತ ನೇರವಾಗಿ ಹೇಳುತ್ತದೆ. ನಡುವೆ ದೋಷ ಬಂದರೆ ಅರ್ಧ ಮಾಡಿದ ವಸ್ತುವನ್ನು ಬಿಸಾಡಿ 500ರ ವಸ್ತು ಕಳಿಸುತ್ತದೆ. ಗಿರಾಕಿಗೆ ಅರ್ಧ ಪುಟ ಕಾಣುವ ಪ್ರಶ್ನೆಯೇ ಇಲ್ಲ. 2007ರಲ್ಲಿ ರೂಬಿ ಭಾಷೆಯವರ ರ‍್ಯಾಕ್ ಇದನ್ನು ಮೂರೇ ವಸ್ತುಗಳ ಪಟ್ಟಿಗೆ (ಅರೇ) ಇಳಿಸಿತು: ಸ್ಟೇಟಸ್, ಹೆಡರ್, ಬಾಡಿ. ರೂಬಿಯ ಫ್ರೇಮ್‌ವರ್ಕ್ ರೇಲ್ಸ್‌ನಲ್ಲಿ ಒಂದೇ ಆ್ಯಕ್ಷನ್‌ನಲ್ಲಿ ಎರಡು ಸಲ ರೆಂಡರ್ ಮಾಡಿದರೆ, ಅಂದರೆ ಉತ್ತರದ ಪುಟ ಸಿದ್ಧಮಾಡಹೋದರೆ, ‘ಡಬಲ್ ರೆಂಡರ್’ ಅಂತ ತಡೆಯುತ್ತದೆ. ಒಂದು ಲಾರಿಗೆ ಎರಡು ಬಿಲ್ಟಿ ಬೇಡ ಅಂತ.

ಆಮೇಲೆ ಜಾವಾಸ್ಕ್ರಿಪ್ಟ್ ಭಾಷೆಯನ್ನು ಸರ್ವರ್‌ನಲ್ಲಿ ಓಡಿಸುವ ನೋಡ್ ಬಂತು, 2009ರಲ್ಲಿ. ಅದರ ಮೇಲೆ ಎಕ್ಸ್‌ಪ್ರೆಸ್ ಅನ್ನುವ ಫ್ರೇಮ್‌ವರ್ಕ್. ಮತ್ತೆ ನೇರ ತಂತಿಗೆ ಬರೆಯುವ ಕಾಲ ಶುರುವಾಯಿತು. ರೆಸ್ಪಾನ್ಸ್ ವಸ್ತು ನಿಮ್ಮ ಕೈಗೇ ಬರುತ್ತದೆ, ಯಾವಾಗ ಬೇಕಾದರೂ ಬರೆಯಿರಿ, ಯಾರು ಬೇಕಾದರೂ ಬರೆಯಿರಿ. ಹುಡುಗರು ದೋಷ ಬಂದಾಗ ಉತ್ತರ ಕಳಿಸಿ ‘ರಿಟರ್ನ್’ ಹಾಕುವುದು ಮರೆಯುತ್ತಾರೆ. ಕೋಡು ಕೆಳಗೆ ಹರಿದು ಇನ್ನೊಂದು ಉತ್ತರ ಕಳಿಸಲು ಹೋಗುತ್ತದೆ. ‘ಕ್ಯಾನಾಟ್ ಸೆಟ್ ಹೆಡರ್ಸ್ ಆಫ್ಟರ್ ದೇ ಆರ್ ಸೆಂಟ್.’ ಹಳೆ ಪಿಎಚ್‌ಪಿಯ ಬೈಗುಳವೇ, ಅಂಗಿ ಮಾತ್ರ ಹೊಸದು.

ನೋಡ್‌ನಲ್ಲಿ ಬಾಡಿಯ ಉದ್ದವನ್ನೂ ಕೈಯಾರೆ ಹಾಕಹೋದರೆ ಕನ್ನಡ ಮತ್ತೆ ಕಾಲು ಹಿಡಿದೆಳೆಯುತ್ತದೆ. ‘ವಿಜಯಪುರ’ ಅನ್ನುವ ಪದದ ಉದ್ದ ಕೇಳಿದರೆ ಜಾವಾಸ್ಕ್ರಿಪ್ಟ್ 7 ಅನ್ನುತ್ತದೆ. ಗುಣಿತ ಚಿಹ್ನೆಗಳನ್ನೂ ಬೇರೆ ಬೇರೆ ಎಣಿಸಿ 7. ಆದರೆ ಯುಟಿಎಫ್-8ರಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 21. ಹೆಡರ್‌ನಲ್ಲಿ 7 ಅಂತ ಹಾಕಿದರೆ ಬ್ರೌಸರ್ 7 ಬೈಟ್ ಓದಿ ನಿಲ್ಲಿಸುತ್ತದೆ. ಪರದೆ ಮೇಲೆ ‘ವಿ’, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ವಜ್ರ. ‘ಜ’ದ ಮೂರರಲ್ಲಿ ಒಂದು ಪಾಲು ಮಾತ್ರ ತಲುಪಿರುತ್ತದೆ. ಇಂಗ್ಲಿಷ್‌ನಲ್ಲೇ ಪರೀಕ್ಷೆ ಮಾಡುವ ತಂಡಕ್ಕೆ ಈ ದೋಷ ಕಾಣಿಸುವುದೇ ಇಲ್ಲ.

ಬಿಲ್ಟಿಯ ತಂಟೆಯೇ ಬೇಡ ಅಂತ ಬೇರೆ ದಾರಿ ಹಿಡಿದವರೂ ಇದ್ದಾರೆ. ಏನೇ ಆಗಲಿ 200 ಕಳಿಸು, ತಪ್ಪಾದರೆ ಒಳಗಿನ ಜೇಸನ್‌ನಲ್ಲಿ (ಮಾಹಿತಿ ಬರೆದು ಕಳಿಸುವ ಒಂದು ಮಾದರಿ) ‘ತಪ್ಪಾಗಿದೆ’ ಅಂತ ಬರೆ. ಇದನ್ನು ಬರೀ ಸೋಮಾರಿತನ ಅನ್ನುವಂತಿಲ್ಲ. ಇಂಟರ್ನೆಟ್ ಎಕ್ಸ್‌ಪ್ಲೋರರ್ ಒಂದು ಕಾಲದಲ್ಲಿ 512 ಬೈಟ್‌ಗಿಂತ ಚಿಕ್ಕದಾದ ದೋಷದ ಪುಟ ಬಂದರೆ ಅದನ್ನು ಬಚ್ಚಿಟ್ಟು ತನ್ನದೇ ಪುಟ ತೋರಿಸುತ್ತಿತ್ತು. ಬ್ರೌಸರ್ ಒಳಗೆ ಆಟ, ವಿಡಿಯೊ ಓಡಿಸುತ್ತಿದ್ದ ಫ್ಲ್ಯಾಶ್‌ಗೆ 200 ಅಲ್ಲದ ಉತ್ತರದ ಒಳಗೇನಿದೆ ಅಂತ ಓದಲು ಕಷ್ಟವಾಗುತ್ತಿತ್ತು. ಹಾಗಾಗಿ ಟ್ವಿಟರ್ ಬೇರೆ ಪ್ರೋಗ್ರಾಮ್‌ಗಳಿಗೆಂದು ತೆರೆದಿಟ್ಟ ಬಾಗಿಲಾದ ಎಪಿಐಯಲ್ಲೇ ‘ಎಲ್ಲಕ್ಕೂ 200 ಕೊಡು’ ಅನ್ನುವ ಆಯ್ಕೆ ಇಟ್ಟಿತ್ತು. ಫ್ಲ್ಯಾಶ್ ಹೋಯಿತು, ಎಕ್ಸ್‌ಪ್ಲೋರರ್ ಹೋಯಿತು, ಚಾಳಿ ಉಳಿಯಿತು. ತಪ್ಪಿನ ವಿವರ ಹೇಳಲೆಂದೇ ‘ಪ್ರಾಬ್ಲಮ್ ಡೀಟೇಲ್ಸ್’ ಅನ್ನುವ ಜೇಸನ್ ಮಾದರಿ 2016ರಿಂದ ಇದೆ. ಅದರಲ್ಲಿ ಸರಿಯಾದ ಕೋಡೂ ಹೋಗುತ್ತದೆ, ವಿವರವೂ ಹೋಗುತ್ತದೆ. ಬಳಸುವವರು ಕಡಿಮೆ. ಇನ್ನೊಂದು ಕಡೆ, ಬ್ರೌಸರ್‌ನಲ್ಲಿ ಸರ್ವರ್‌ನಿಂದ ಉತ್ತರ ತರುವ ಫೆಚ್ ಫಂಕ್ಷನ್ 404 ಬಂದರೂ 500 ಬಂದರೂ ‘ಉತ್ತರ ಬಂತಲ್ಲ’ ಅಂತ ಸಂತೋಷವಾಗಿ ಮುಂದೆ ಹೋಗುತ್ತದೆ. ‘ಓಕೆ’ ಅನ್ನುವ ಗುಣವನ್ನು ನಾವೇ ನೋಡಬೇಕು.

ಕೋಡುಗಳ ಮಾತು ಬಂತಲ್ಲ, ಒಂದು ಊರ ಸುದ್ದಿ. 2014ರ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು, ಬೆಳಗಾಂ ಬೆಳಗಾವಿಯಾಯಿತು. ಊರ ಹೆಸರಿದ್ದ ವೆಬ್ ವಿಳಾಸಗಳಿಗೆಲ್ಲ 301 ಹಾಕಬೇಕಾದ ಸಂದರ್ಭ ಅದು: ಶಾಶ್ವತವಾಗಿ ಬದಲಾಗಿದೆ, ಇನ್ನು ಹಳೆಯದನ್ನು ಕೇಳಬೇಡ. 302 ಹಾಕಿದರೆ ಸದ್ಯಕ್ಕೆ ಮಾತ್ರ ಅಂತ ಅರ್ಥ. ಮಾತಿನಲ್ಲಿ ಮಾತ್ರ ನಮ್ಮ ಮಂದಿ ಇನ್ನೂ ಬಿಜಾಪುರ ಅಂತಲೇ ಅನ್ನುತ್ತಾರೆ. ಕ್ಯಾಶ್ (ಹಳೆಯದನ್ನು ನೆನಪಿಟ್ಟುಕೊಂಡ ಜಾಗ) ಇನ್ನೂ ಖಾಲಿಯಾಗಿಲ್ಲ.

ಇನ್ನು ಸ್ಟ್ರೀಮಿಂಗ್, ಅಂದರೆ ಸಿದ್ಧವಾದಷ್ಟನ್ನು ಹರಿಸುತ್ತ ಹೋಗುವುದು. ಪೂರ್ತಿ ಮಾಲು ಕಟ್ಟೆ ಮೇಲೆ ಕೂಡಿಟ್ಟು ಕಳಿಸುವುದು ಚಿಕ್ಕ ಪುಟಗಳಿಗೆ ಸರಿ. ಸಾವಿರಾರು ಸಾಲಿನ ಪಟ್ಟಿಗೆ ಮೆಮೊರಿ ಸಾಲದು, ಕಾಯುವವನಿಗೆ ತಾಳ್ಮೆ ಸಾಲದು. 1997ರ ಎಚ್‌ಟಿಟಿಪಿ 1.1 ಇದಕ್ಕೆ ‘ಚಂಕ್ಡ್’ ವಿಧಾನ ಕೊಟ್ಟಿತು. ಉದ್ದ ಮೊದಲೇ ಹೇಳಬೇಕಿಲ್ಲ, ತುಂಡು ತುಂಡಾಗಿ ಕಳಿಸಿ, ಕೊನೆಗೆ ಸೊನ್ನೆ ಉದ್ದದ ತುಂಡು ಕಳಿಸಿದರೆ ಮುಗಿಯಿತು. ಈಗಂತೂ ಎಐ ಚಾಟ್‌ನ ಉತ್ತರ ಪದ ಪದವಾಗಿ ಹರಿದು ಬರುತ್ತದೆ, 200 ಮೊದಲೇ ಹೋಗಿರುತ್ತದೆ, ನಡುವೆ ಕೆಟ್ಟರೆ ಹರಿವಿನೊಳಗೇ ಒಂದು ದೋಷದ ಸಂದೇಶ ತೂರಿಸಬೇಕು. ನೆಕ್ಸ್ಟ್‌ಜೆಎಸ್ ಅನ್ನುವ ಫ್ರೇಮ್‌ವರ್ಕ್‌ನ ದಾಖಲೆಯಲ್ಲೇ ಇದೆ: ಪುಟ ಹರಿಯಲು ಶುರುವಾದ ಮೇಲೆ ‘ಸಿಗಲಿಲ್ಲ’ ಅಂತ ಗೊತ್ತಾದರೆ 404 ಹೋಗುವುದಿಲ್ಲ, 200ಯೇ ಹೋಗುತ್ತದೆ.

ಪ್ರೋಗ್ರಾಮ್‌ಗಳು ಒಂದಕ್ಕೊಂದು ಮಾತಾಡಲು ಗೂಗಲ್ ಮಾಡಿದ ಜಿಆರ್‌ಪಿಸಿ ಇದಕ್ಕೆ ಕಂಡುಕೊಂಡ ಉಪಾಯ ನನಗೆ ತುಂಬ ಇಷ್ಟ. ನಿಜವಾದ ಸ್ಟೇಟಸ್ ಅನ್ನು ಮಾಲಿನ ಹಿಂದೆ, ಟ್ರೈಲರ್ ಅನ್ನುವ ಜಾಗದಲ್ಲಿ ಕಳಿಸುತ್ತದೆ. ಕೊನೆಗೆ ಗೊತ್ತಾಗುವುದನ್ನು ಕೊನೆಗೇ ಬರೆ. ಆದರೆ ಬ್ರೌಸರ್‌ಗಳು ಆ ಟ್ರೈಲರ್ ಅನ್ನು ಜಾವಾಸ್ಕ್ರಿಪ್ಟ್ ಕೈಗೆ ಕೊಡುವುದಿಲ್ಲ. ಹಾಗಾಗಿ ವೆಬ್‌ಗೆ ಬಂದಾಗ ಅದನ್ನೂ ಬಾಡಿಯೊಳಗೇ ತುರುಕಬೇಕಾಯಿತು.

ನಮ್ಮ ಒಣದ್ರಾಕ್ಷಿ ಪಟ್ಟಿಗೆ ಆಗಿದ್ದು ಇದೇ. ಎಕ್ಸ್‌ಪ್ರೆಸ್‌ನಲ್ಲಿ ಪಟ್ಟಿ ಹರಿಯುತ್ತಿತ್ತು. ಅರ್ಧದಲ್ಲಿ ಡೇಟಾಬೇಸ್ ಕೈಕೊಟ್ಟಿತು. ನಾವು ಬರೆದ ದೋಷ ಹಿಡಿಯುವ ಕೋಡು ಅದನ್ನು ಲಾಗ್‌ಗೆ ಬರೆದು, ರೆಸ್ಪಾನ್ಸ್ ಅನ್ನು ಬಹಳ ಮರ್ಯಾದೆಯಿಂದ ಮುಗಿಸಿತು. ಸೊನ್ನೆ ಉದ್ದದ ತುಂಡು ಹೋಯಿತು. ಬ್ರೌಸರ್ ಪಾಪ ಏನು ಮಾಡೀತು, ‘ಪೂರ್ತಿಯಾಯಿತು’ ಅಂದಿತು. ಆ ಮರ್ಯಾದೆಯೇ ತಪ್ಪು. ಎಕ್ಸ್‌ಪ್ರೆಸ್ ಅನ್ನು ತನ್ನಷ್ಟಕ್ಕೆ ಬಿಟ್ಟಿದ್ದರೆ ಸರಿಯಾಗೇ ಮಾಡುತ್ತಿತ್ತು. ಹೆಡರ್ ಹೋದ ಮೇಲೆ ದೋಷ ಬಂದರೆ ಅದು ಸಂಪರ್ಕವನ್ನು ಕತ್ತರಿಸಿಬಿಡುತ್ತದೆ. ಕೊನೆಯ ತುಂಡು ಬಾರದ್ದನ್ನು ನೋಡಿ ಬ್ರೌಸರ್ ‘ಡೌನ್‌ಲೋಡ್ ವಿಫಲ’ ಅನ್ನುತ್ತದೆ. ನಾವು ನಡುವೆ ಕೈ ಹಾಕಿ ಕೆಡಿಸಿದ್ದೆವು.

ತಿದ್ದಿದ್ದು ಎರಡು ಕಡೆ. ಹೆಡರ್ ಹೋಗಿದ್ದರೆ ನಮ್ಮ ಕೋಡು ಈಗ ಬಾಯಿ ಹಾಕುವುದಿಲ್ಲ, ಎಕ್ಸ್‌ಪ್ರೆಸ್‌ಗೇ ದಾಟಿಸುತ್ತದೆ. ಜೊತೆಗೆ ಪಟ್ಟಿಯ ಕಟ್ಟಕಡೆಗೆ ‘ಒಟ್ಟು ಪೆಟ್ಟಿಗೆ’ ಅಂತ ಒಂದು ಸಾಲು ಹಾಕಿದ್ದೇವೆ. ಆ ಸಾಲು ಇಲ್ಲದಿದ್ದರೆ ಪಟ್ಟಿ ಪೂರ್ತಿಯಲ್ಲ ಅಂತ ಗುಮಾಸ್ತರಿಗೆ ಹೇಳಿದೆ. ಮುಂದಿನ ವಾರ ಅವರ ಕಡೆ ಹೋಗಿದ್ದಾಗ ನೋಡಿದೆ, ಫೈಲ್ ತೆರೆದವರೇ ಸೀದಾ ತಳಕ್ಕೆ ಹೋದರು.

"ಮ್ಯಾಲಿಂದು ಆಮ್ಯಾಲೆ ನೋಡತೇನ್ರಿ" ಅಂದರು.