ಡೇಟಾಬೇಸನ್ನು ಬೇರೆ ಪ್ಲಾಟ್‌ಫಾರ್ಮ್‌ಗೆ ಒಯ್ಯುವಾಗ ಯಾವ ದಾರಿ ಹಿಡಿಯಬೇಕು?

ಒರಾಕಲ್ ಡಿಬಿಎ (ಡೇಟಾಬೇಸ್ ನೋಡಿಕೊಳ್ಳುವವರ) ಕೆಲಸ ಕಲಿಯುತ್ತಿರುವವರಿಗಾಗಿ ಈ ಟಿಪ್ಪಣಿ. ಐಬಿಎಂ ಪವರ್ ಸರ್ವರ್‌ಗಳ ಎಐಎಕ್ಸ್ ಎಂಬ ಓಎಸ್ ಮೇಲೆ ವರ್ಷಗಟ್ಟಲೆ ಓಡಿದ ಡೇಟಾಬೇಸನ್ನು ಎಕ್ಸ್86 ಲಿನಕ್ಸ್‌ಗೆ ಒಯ್ಯುವ ಕೆಲಸವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಓದಲು ಕೂತರೆ ಮೊದಲು ಎದುರಾಗುವುದು ವಿಧಾನಗಳ ಉದ್ದದ ಪಟ್ಟಿ: ಡೇಟಾ ಪಂಪ್ (ಡೇಟಾವನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಕಡೆ ಇಂಪೋರ್ಟ್ ಮಾಡುವುದು), ಟ್ರಾನ್ಸ್‌ಪೋರ್ಟಬಲ್ ಟೇಬಲ್‌ಸ್ಪೇಸ್ (ಟೇಬಲ್‌ಗಳು ಕೂತಿರುವ ಡೇಟಾ ಫೈಲ್‌ಗಳನ್ನೇ ಒಯ್ಯುವುದು), ಆರ್‌ಮ್ಯಾನ್ ಕನ್ವರ್ಟ್ (ಒರಾಕಲ್‌ನ ಬ್ಯಾಕಪ್ ಸಾಧನದಿಂದ ಫೈಲ್‌ಗಳ ರೂಪ ಬದಲಿಸುವುದು), ಡೇಟಾ ಗಾರ್ಡ್ (ಜೊತೆಜೊತೆಗೇ ಓಡುವ ನಕಲು ಡೇಟಾಬೇಸ್ ಇಡುವುದು), ಗೋಲ್ಡನ್‌ಗೇಟ್ (ಬದಲಾವಣೆಗಳನ್ನು ಆಗಾಗಲೇ ಇನ್ನೊಂದು ಕಡೆ ಹಚ್ಚುವುದು). ಒಂದೊಂದರ ಒಳ್ಳೆಯದು ಕೆಟ್ಟದ್ದನ್ನು ಬಾಯಿಪಾಠ ಮಾಡಿದರೆ ಇಂಟರ್‌ವ್ಯೂ ದಾಟಬಹುದು. ಕೆಲಸಕ್ಕೆ ಇಳಿದಾಗ ಅದು ಸಾಲುವುದಿಲ್ಲ. ನಾನು ಹೇಳುವುದು ಇಷ್ಟೇ: ಪ್ರಶ್ನೆಗಳನ್ನು ಸರಿಯಾದ ಕ್ರಮದಲ್ಲಿ ಕೇಳಿ. ಪ್ರತಿ ಪ್ರಶ್ನೆಯೂ ಪಟ್ಟಿಯಿಂದ ಕೆಲವನ್ನು ಹೊಡೆದುಹಾಕುತ್ತದೆ. ಕೊನೆಗೆ ಒಂದೋ ಎರಡೋ ಉಳಿಯುತ್ತವೆ. ಆಮೇಲೆ ತಲೆ ಕೆಡಿಸಿಕೊಳ್ಳುವುದು ಜಾಸ್ತಿ ಇರುವುದಿಲ್ಲ.

ಬೈಟ್‌ಗಳ ಕ್ರಮ ಒಂದೇನಾ?

ಇದೇ ಮೊದಲ ಪ್ರಶ್ನೆ. 258 ಎಂಬ ಸಂಖ್ಯೆಯನ್ನು ಎರಡು ಬೈಟ್‌ಗಳಲ್ಲಿ ಬರೆಯಬೇಕು ಅಂದುಕೊಳ್ಳಿ. ಬಿಗ್ ಎಂಡಿಯನ್ ಯಂತ್ರ ಅದನ್ನು 01 02 ಎಂದು ಬರೆಯುತ್ತದೆ, ಲಿಟಲ್ ಎಂಡಿಯನ್ ಯಂತ್ರ 02 01 ಎಂದು. ಒಂದು ಬರೆದದ್ದನ್ನು ಇನ್ನೊಂದು ಹಾಗೇ ಓದಿದರೆ 258 ಹೋಗಿ 513 ಆಗುತ್ತದೆ. ಪವರ್ ಮೇಲಿನ ಎಐಎಕ್ಸ್, ಸ್ಪಾರ್ಕ್ ಮೇಲಿನ ಸೋಲಾರಿಸ್, ಇಟಾನಿಯಂ ಮೇಲಿನ ಎಚ್‌ಪಿ-ಯುಎಕ್ಸ್ ಇವೆಲ್ಲ ಬಿಗ್. ಎಕ್ಸ್86ನ ಲಿನಕ್ಸ್ ಮತ್ತು ವಿಂಡೋಸ್ ಲಿಟಲ್.

ಓಎಸ್ ಹೆಸರು ನೋಡಿ ತೀರ್ಮಾನಕ್ಕೆ ಬರಬೇಡಿ. ಸೋಲಾರಿಸ್ ಸ್ಪಾರ್ಕ್ ಮೇಲಿದ್ದರೆ ಬಿಗ್, ಎಕ್ಸ್86 ಮೇಲಿದ್ದರೆ ಲಿಟಲ್. ಐಬಿಎಂ ಮೇನ್‌ಫ್ರೇಮ್ ಮೇಲಿನ ಲಿನಕ್ಸ್ ಕೂಡ ಬಿಗ್. ಒರಾಕಲ್ ಒಳಗೇ 'ವಿ ಡಾಲರ್ ಟ್ರಾನ್ಸ್‌ಪೋರ್ಟಬಲ್ ಪ್ಲಾಟ್‌ಫಾರ್ಮ್' ಎಂಬ ವ್ಯೂ ಇದೆ. ಅದನ್ನು ಕ್ವೆರಿ ಮಾಡಿದರೆ ಪ್ರತಿ ಪ್ಲಾಟ್‌ಫಾರ್ಮ್ ಪಕ್ಕದಲ್ಲಿ ಅದರ ಎಂಡಿಯನ್ ಬರೆದಿರುತ್ತದೆ.

ಎರಡೂ ಕಡೆ ಕ್ರಮ ಒಂದೇ ಆಗಿದ್ದರೆ ನಿಮ್ಮ ಅದೃಷ್ಟ. ವಿಂಡೋಸ್‌ನಿಂದ ಲಿನಕ್ಸ್‌ಗೆ ಹೋಗುವಾಗ ಲಿನಕ್ಸ್ ಕಡೆ ಡೇಟಾ ಗಾರ್ಡ್ ಸ್ಟ್ಯಾಂಡ್‌ಬೈ (ನಕಲು) ಕಟ್ಟಿ, ಒಂದು ರಾತ್ರಿ ಸ್ವಿಚ್‌ಓವರ್ ಮಾಡಿ ಅದನ್ನೇ ಮುಖ್ಯ ಡೇಟಾಬೇಸ್ ಮಾಡಬಹುದು. ಇಡೀ ಡೇಟಾಬೇಸನ್ನು ಆರ್‌ಮ್ಯಾನ್‌ನಿಂದ ಕನ್ವರ್ಟ್ ಮಾಡುವ ದಾರಿಯೂ ಇದೆ. ಎಐಎಕ್ಸ್‌ನಿಂದ ಲಿನಕ್ಸ್‌ಗೆ ಅಂದರೆ ಈ ಎರಡೂ ಔಟ್. ಉಳಿಯುವುದು ಡೇಟಾ ಪಂಪ್, ಟ್ರಾನ್ಸ್‌ಪೋರ್ಟಬಲ್ ಟೇಬಲ್‌ಸ್ಪೇಸ್, ಗೋಲ್ಡನ್‌ಗೇಟ್.

ಇಲ್ಲೊಂದು ಸಣ್ಣ ವಿಷಯ ತಿಳಿದಿರಲಿ. ಒರಾಕಲ್‌ನ ನಂಬರ್, ಡೇಟ್, ವಾರ್ಚಾರ್2 ಬೆಲೆಗಳು ಎಲ್ಲ ಪ್ಲಾಟ್‌ಫಾರ್ಮ್‌ನಲ್ಲೂ ಒಂದೇ ರೂಪದಲ್ಲಿ ಇರುತ್ತವೆ. ಎಂಡಿಯನ್ ತೊಂದರೆ ಇರುವುದು ಬ್ಲಾಕ್‌ನ (ಡೇಟಾ ಫೈಲ್‌ನ ಸಣ್ಣ ತುಂಡಿನ) ಹೆಡರ್ ಥರದ ಒಳ ಮಾಹಿತಿಯಲ್ಲಿ. ಟೇಬಲ್‌ಸ್ಪೇಸ್ ಫೈಲ್‌ಗಳನ್ನು ಒಯ್ಯುವಾಗ ಆರ್‌ಮ್ಯಾನ್ ಕನ್ವರ್ಟ್ ಸರಿಮಾಡುವುದು ಅದನ್ನೇ. ನಿಮ್ಮ ಅಪ್ಲಿಕೇಶನ್ ಬ್ಲಾಬ್ (ಬೈನರಿ ಡೇಟಾ ಇಡುವ) ಕಾಲಂ ಒಳಗೆ ತನ್ನದೇ ಬೈನರಿ ಲೆಕ್ಕ ಬರೆದಿಟ್ಟಿದ್ದರೆ ಒರಾಕಲ್ ಅದನ್ನು ಮುಟ್ಟುವುದಿಲ್ಲ. ಡೆವಲಪರ್‌ಗಳನ್ನು ಮೊದಲೇ ಕೇಳಿಕೊಳ್ಳಿ.

ಕ್ಯಾರೆಕ್ಟರ್ ಸೆಟ್ ಬದಲಾಗುತ್ತದಾ?

ಯಾವ ಅಕ್ಷರಕ್ಕೆ ಯಾವ ಬೈಟ್ ಎಂಬ ಪಟ್ಟಿಯೇ ಕ್ಯಾರೆಕ್ಟರ್ ಸೆಟ್. ಈ ಪ್ರಶ್ನೆಯನ್ನು ತುಂಬ ಜನ ಕೊನೆಗೆ ಕೇಳುತ್ತಾರೆ. ಎರಡನೆಯದಾಗಿಯೇ ಕೇಳಬೇಕು, ಯಾಕೆಂದರೆ ಇದು ಟ್ರಾನ್ಸ್‌ಪೋರ್ಟಬಲ್ ಟೇಬಲ್‌ಸ್ಪೇಸನ್ನೇ ಹೊಡೆದುಹಾಕಬಲ್ಲದು. ಅಲ್ಲಿ ಡೇಟಾ ಫೈಲ್‌ಗಳು ಇದ್ದ ಹಾಗೇ ಹೋಗುತ್ತವೆ, ಅಕ್ಷರಗಳನ್ನು ಯಾರೂ ಬದಲಿಸುವುದಿಲ್ಲ. ಹಳೆಯದು ಪಶ್ಚಿಮ ಯೂರೋಪಿನ 1252 ಸೆಟ್, ಹೊಸದು ಯುಟಿಎಫ್-8 ಆದರೆ ಕೂರುವುದಿಲ್ಲ. ಓಆರ್‌ಎ-29345 ಅಂತ ಎರರ್ ಬರುತ್ತದೆ. ಆಗ ಡೇಟಾ ಪಂಪ್ ಅಥವಾ ಗೋಲ್ಡನ್‌ಗೇಟ್ ಕಡೆಗೇ ಹೋಗಬೇಕು.

ಕನ್ನಡ ಡೇಟಾ ಇರುವ ಕಡೆ ಇನ್ನೂ ಒಂದು ಪದರ ಇದೆ. ಹಳೆಯ ಸಿಸ್ಟಮ್‌ಗಳಲ್ಲಿ ಕನ್ನಡವನ್ನು ನುಡಿಯ ಹಳೆಯ ಫಾಂಟ್ ಎನ್‌ಕೋಡಿಂಗ್‌ನಲ್ಲಿ ತುಂಬಿರುವುದುಂಟು. ಡೇಟಾಬೇಸ್‌ನ ಕಣ್ಣಿಗೆ ಅದು ಕನ್ನಡ ಅಲ್ಲವೇ ಅಲ್ಲ, ಲ್ಯಾಟಿನ್ ಅಕ್ಷರಗಳ ಸಾಲು. 'ಬೆಂಗಳೂರು' ಎಂಬ ಪದವನ್ನೇ ನೋಡಿ. ನುಡಿ ಎನ್‌ಕೋಡಿಂಗ್‌ನಲ್ಲಿ ಅದು 11 ಚಿಹ್ನೆ, 1252 ಸೆಟ್‌ನಲ್ಲಿ 11 ಬೈಟ್. 20 ಬೈಟ್‌ನ ಕಾಲಂನಲ್ಲಿ ಆರಾಮಾಗಿ ಕೂರುತ್ತದೆ. ಡೇಟಾ ಪಂಪ್ ಇದನ್ನು ಯುಟಿಎಫ್-8ಗೆ ಬದಲಿಸುವಾಗ ಆ 11ರಲ್ಲಿ 8 ಚಿಹ್ನೆಗಳು ತಲಾ ಎರಡು ಬೈಟ್ ಆಗುತ್ತವೆ, 3 ಹಾಗೇ ಉಳಿಯುತ್ತವೆ. ಒಟ್ಟು 19. ಈಗಲೂ ಹಿಡಿಯಿತು, ಇಂಪೋರ್ಟ್ ಯಾವ ಎರರ್ ಇಲ್ಲದೆ ಮುಗಿಯಿತು. ಆದರೆ ಒಳಗಿರುವುದು ಇನ್ನೂ ಲ್ಯಾಟಿನ್ ಸಾಲೇ!

ಆಮೇಲೆ ಪ್ರತ್ಯೇಕ ಪರಿವರ್ತಕ ಓಡಿಸಿ ನಿಜವಾದ ಯುನಿಕೋಡ್ ಕನ್ನಡಕ್ಕೆ ತರುತ್ತೀರಿ. ಕನ್ನಡದ ಪ್ರತಿ ಯುನಿಕೋಡ್ ಚಿಹ್ನೆಗೂ ಯುಟಿಎಫ್-8ನಲ್ಲಿ ಮೂರು ಬೈಟ್ ಬೇಕು. ನಾವು ನಾಲ್ಕು ಅಕ್ಷರ ಎಂದು ಓದುವ ಬೆಂಗಳೂರು ಅಲ್ಲಿ 8 ಚಿಹ್ನೆ: ಬ, ಎತ್ವ, ಸೊನ್ನೆ, ಗ, ಳ, ದೀರ್ಘದ ಕೊಂಬು, ರ, ಕೊಂಬು. ಎಂಟು ಮೂರಲೆ 24. ಕಾಲಂ 20. ಈಗ ಬರುತ್ತದೆ ಓಆರ್‌ಎ-12899, ಇರುವುದು 24, ಗರಿಷ್ಠ 20 ಎಂದು. ಅದಕ್ಕೇ ಹೊಸ ಡೇಟಾಬೇಸ್‌ನಲ್ಲಿ ಟೇಬಲ್‌ಗಳನ್ನು ಮೊದಲೇ ಮಾಡಿಟ್ಟು, ಕಾಲಂ ಉದ್ದವನ್ನು ಬೈಟ್ ಬದಲು ಕ್ಯಾರೆಕ್ಟರ್ ಲೆಕ್ಕದಲ್ಲಿ ಕೊಟ್ಟು, ಆಮೇಲೆ ಡೇಟಾ ಸುರಿಯುವುದು ಒಳ್ಳೆಯದು. ಯುಟಿಎಫ್-8 ಡೇಟಾಬೇಸ್ ಒಂದು ಕೈಗೆ ಸಿಕ್ಕರೆ ಈಗಲೇ ಪರೀಕ್ಷಿಸಿ ನೋಡಿ: ಈ ಪದಕ್ಕೆ ಲೆಂಗ್ತ್ ಫಂಕ್ಷನ್ 8 ಕೊಡುತ್ತದೆ, ಲೆಂಗ್ತ್‌ಬಿ 24 ಕೊಡುತ್ತದೆ.

ಎಷ್ಟು ಹೊತ್ತು ನಿಲ್ಲಿಸಬಹುದು?

ಕ್ಯಾರೆಕ್ಟರ್ ಸೆಟ್ ಎರಡೂ ಕಡೆ ಒಂದೇ ಅಂತ ಇಟ್ಟುಕೊಳ್ಳೋಣ. ಒಂದು ಲೆಕ್ಕ ಹಾಕೋಣ. ಡೇಟಾಬೇಸ್ 5 ಟಿಬಿ, ಅದರಲ್ಲಿ 2 ಟಿಬಿ ಬರೀ ಇಂಡೆಕ್ಸ್. ಶನಿವಾರ ರಾತ್ರಿ ಸಿಗುವ ಡೌನ್‌ಟೈಮ್ 8 ಗಂಟೆ.

ಡೇಟಾ ಪಂಪ್ ಇಂಡೆಕ್ಸ್‌ನ ಡೇಟಾವನ್ನು ಒಯ್ಯುವುದಿಲ್ಲ, ಇಂಡೆಕ್ಸ್ ಕಟ್ಟುವ ಆಜ್ಞೆಯನ್ನಷ್ಟೇ ಒಯ್ಯುತ್ತದೆ. ಹಾಗಾಗಿ ದಾಟಬೇಕಾದದ್ದು 3 ಟಿಬಿ. ಒಂದು ಗಿಗಾಬಿಟ್ ಲಿಂಕ್‌ನಲ್ಲಿ ಸೆಕೆಂಡಿಗೆ ಸುಮಾರು 110 ಎಂಬಿ ಸಿಕ್ಕರೆ ಪುಣ್ಯ. ಭಾಗಿಸಿದರೆ ಏಳೂವರೆ ಗಂಟೆಗೂ ಜಾಸ್ತಿ, ಅದೂ ಬರೀ ತಂತಿಯ ಮೇಲೆ. ಲಿಂಕ್ 10 ಗಿಗಾಬಿಟ್ ಆದರೆ ಅದೇ ಕೆಲಸ ಒಂದು ಗಂಟೆಯೊಳಗೆ ಮುಗಿಯಬಹುದು, ಆಗ ಹೊತ್ತು ತಿನ್ನುವುದು ಇಂಡೆಕ್ಸ್ ಕಟ್ಟುವುದು ಮತ್ತು ಕನ್‌ಸ್ಟ್ರೈಂಟ್ (ಡೇಟಾ ಪಾಲಿಸಬೇಕಾದ ನಿಯಮ) ಪರಿಶೀಲನೆ. ಪ್ಯಾರಲಲ್ ಎಷ್ಟು ಕೊಟ್ಟರೂ ಹಳೆಯ ಬೇಸಿಕ್‌ಫೈಲ್ ಬಗೆಯ ಲಾಬ್ (ಚಿತ್ರ, ದಾಖಲೆ ಥರದ ದೊಡ್ಡ ಡೇಟಾ) ಇರುವ ದೊಡ್ಡ ಟೇಬಲ್ ಒಂದೇ ವರ್ಕರ್ ಮೇಲೆ ಕೂತು ಎಲ್ಲರನ್ನೂ ಕಾಯಿಸುತ್ತದೆ. ಹಾಗಂತ ಡೇಟಾ ಪಂಪನ್ನು ಸುಮ್ನೆ ಬಿಡಬೇಡಿ. ಅದು ಸರಳ. ವರ್ಷನ್, ಎಂಡಿಯನ್, ಕ್ಯಾರೆಕ್ಟರ್ ಸೆಟ್ ಮೂರನ್ನೂ ಒಟ್ಟಿಗೇ ದಾಟುತ್ತದೆ, ಟೇಬಲ್‌ಗಳೂ ಹೊಸದಾಗಿ ಒತ್ತೊತ್ತಾಗಿ ಕೂರುತ್ತವೆ. ಡೌನ್‌ಟೈಮ್‌ನಲ್ಲಿ ಹಿಡಿಯುವುದಾದರೆ ನಾನು ಬೇರೆ ಯಾವುದನ್ನೂ ನೋಡುವುದಿಲ್ಲ.

ಹಿಡಿಯದಿದ್ದರೆ ಟ್ರಾನ್ಸ್‌ಪೋರ್ಟಬಲ್ ಟೇಬಲ್‌ಸ್ಪೇಸ್, ಅದೂ ಇನ್‌ಕ್ರಿಮೆಂಟಲ್ ಬ್ಯಾಕಪ್ ಜೊತೆ. ಡಿಬಿಎಗಳು ಇದನ್ನು ಎಕ್ಸ್‌ಟಿಟಿಎಸ್ ಎನ್ನುತ್ತಾರೆ. ಇದರ ಜಾಣತನ ಎಲ್ಲಿದೆ ಅಂದರೆ, ದೊಡ್ಡ ಭಾರವೆಲ್ಲ ಡೌನ್‌ಟೈಮ್‌ಗೆ ಮೊದಲೇ ದಾಟಿರುತ್ತದೆ. ಹಳೆಯ ಡೇಟಾಬೇಸ್ ಓಡುತ್ತಿರುವಾಗಲೇ ಲೆವೆಲ್ 0 (ಪೂರ್ತಿ) ಬ್ಯಾಕಪ್ ತೆಗೆದು, ಲಿನಕ್ಸ್ ಕಡೆ ಕನ್ವರ್ಟ್ ಮಾಡಿ ಇಡುತ್ತೀರಿ. 5 ಟಿಬಿಗೆ ಎರಡು ದಿನ ಹಿಡಿದರೂ ಯಾರಿಗೂ ತೊಂದರೆ ಇಲ್ಲ. ಆಮೇಲೆ ದಿನಾ ಬದಲಾದ ಬ್ಲಾಕ್‌ಗಳನ್ನಷ್ಟೇ ಲೆವೆಲ್ 1ರಲ್ಲಿ ತಂದು ಹಚ್ಚುತ್ತೀರಿ. ಬ್ಲಾಕ್ ಚೇಂಜ್ ಟ್ರ್ಯಾಕಿಂಗ್ ಆನ್ ಮಾಡಿಡಿ, ಇಲ್ಲದಿದ್ದರೆ ಪ್ರತಿ ಸಲ ಇಡೀ 5 ಟಿಬಿ ಓದಬೇಕಾಗುತ್ತದೆ. ಶನಿವಾರ ರಾತ್ರಿ ಟೇಬಲ್‌ಸ್ಪೇಸ್‌ಗಳನ್ನು ರೀಡ್ ಓನ್ಲಿ ಮಾಡಿದ ಕ್ಷಣದಿಂದ ಡೌನ್‌ಟೈಮ್ ಶುರು. ಕೊನೆಯ ಇನ್‌ಕ್ರಿಮೆಂಟಲ್ ಹಚ್ಚಿ, ಮೆಟಾಡೇಟಾ (ಟೇಬಲ್, ಇಂಡೆಕ್ಸ್‌ಗಳ ವಿವರ) ಎಕ್ಸ್‌ಪೋರ್ಟ್ ಇಂಪೋರ್ಟ್ ಮಾಡಿ, ರೀಡ್ ರೈಟ್ ಮಾಡಿದರೆ ಮುಗಿಯಿತು.

ಮೆಟಾಡೇಟಾ ಅಂತ ಒಂದು ಪದದಲ್ಲಿ ಹೇಳಿಬಿಟ್ಟೆ, ಆದರೆ ಪ್ಲಾನ್ ತಪ್ಪುವುದು ಹೆಚ್ಚಾಗಿ ಅಲ್ಲೇ. ಅದಕ್ಕೆ ಹಿಡಿಯುವ ಹೊತ್ತು ಟಿಬಿಗಳನ್ನು ನೋಡಿ ಏರುವುದಿಲ್ಲ, ಟೇಬಲ್, ಪಾರ್ಟಿಷನ್, ಇಂಡೆಕ್ಸ್‌ಗಳ ಎಣಿಕೆ ನೋಡಿ ಏರುತ್ತದೆ. 500 ಟೇಬಲ್‌ಗಳ 20 ಟಿಬಿ ಡೇಟಾಬೇಸ್ ಬೇಗ ದಾಟಬಹುದು, ಲಕ್ಷಗಟ್ಟಲೆ ಆಬ್ಜೆಕ್ಟ್ ಇರುವ 1 ಟಿಬಿ ಇಆರ್‌ಪಿ ಗಂಟೆಗಟ್ಟಲೆ ಕೂರಬಹುದು. ಗಾತ್ರ ಕೇಳುವ ಜೊತೆಗೆ ಆಬ್ಜೆಕ್ಟ್‌ಗಳ ಎಣಿಕೆಯನ್ನೂ ಕೇಳಿ.

ಬರಿ ಟೇಬಲ್‌ಸ್ಪೇಸ್ ಒಯ್ದರೆ ಸೀಕ್ವೆನ್ಸ್, ವ್ಯೂ, ಪಿಎಲ್/ಎಸ್‌ಕ್ಯೂಎಲ್, ಸಿನೊನಿಮ್, ಯೂಸರ್‌ಗಳು ಬರುವುದಿಲ್ಲ. ಅವುಗಳಿಗೆ ಬೇರೆ ಎಕ್ಸ್‌ಪೋರ್ಟ್ ಬೇಕು. ಒರಾಕಲ್ 12ಸಿಯಿಂದ ಇವನ್ನೂ ಒಟ್ಟಿಗೇ ಒಯ್ಯುವ ಫುಲ್ ಟ್ರಾನ್ಸ್‌ಪೋರ್ಟಬಲ್ ಬಂದ ಮೇಲೆ ಈ ತಲೆನೋವು ಬಹಳ ಕಡಿಮೆಯಾಗಿದೆ. ಹಳೆಯ ಡೇಟಾಬೇಸ್‌ನ ವರ್ಷನ್ 11.2.0.3 ಅಥವಾ ಮೇಲಿನದಾಗಿದ್ದರೆ ಸಾಕು. ಟೇಬಲ್ ಒಂದು ಟೇಬಲ್‌ಸ್ಪೇಸ್‌ನಲ್ಲಿ, ಅದರ ಇಂಡೆಕ್ಸ್ ಇನ್ನೊಂದರಲ್ಲಿ ಇದ್ದರೆ ಎರಡನ್ನೂ ಒಟ್ಟಿಗೇ ಒಯ್ಯಬೇಕು. ಡಿಬಿಎಂಎಸ್ ಟಿಟಿಎಸ್ ಪ್ಯಾಕೇಜಿನ ಚೆಕ್ ಓಡಿಸಿದರೆ ಎಲ್ಲಿ ಕೊಂಡಿ ತಪ್ಪಿದೆ ಎಂದು ತೋರಿಸುತ್ತದೆ. ಟೈಮ್ ಝೋನ್ ಫೈಲ್‌ನ ವರ್ಷನ್ ಹೊಸ ಕಡೆ ಹಳೆಯದಕ್ಕಿಂತ ಕಡಿಮೆ ಇರಬಾರದು, ಇದ್ದರೆ ಓಆರ್‌ಎ-39405.

ಡೌನ್‌ಟೈಮ್ ನಿಮಿಷಗಳಲ್ಲಿ ಸಿಗುವುದಾದರೆ ಗೋಲ್ಡನ್‌ಗೇಟ್. ಹಳೆಯ ಕಡೆಯ ರೀಡೂ ಲಾಗ್ (ಪ್ರತಿ ಬದಲಾವಣೆಯೂ ದಾಖಲಾಗುವ ಫೈಲ್) ಓದಿ ಬದಲಾವಣೆಗಳನ್ನು ಹೊಸ ಕಡೆ ಹಚ್ಚುತ್ತಾ ಹೋಗುತ್ತದೆ. ಒಂದು ಎಸ್‌ಸಿಎನ್ (ಬದಲಾವಣೆಗಳ ಕ್ರಮಸಂಖ್ಯೆ) ಹಿಡಿದು ಡೇಟಾ ಪಂಪ್‌ನಿಂದ ಮೊದಲ ಲೋಡ್, ಅಲ್ಲಿಂದ ಮುಂದೆ ಇದು. ಲೈಸೆನ್ಸ್ ಬೇರೆ, ಸಪ್ಲಿಮೆಂಟಲ್ ಲಾಗಿಂಗ್ (ರೀಡೂ ಲಾಗ್‌ನಲ್ಲಿ ಹೆಚ್ಚಿನ ಮಾಹಿತಿ) ಬೇಕು, ಪ್ರೈಮರಿ ಕೀ ಇಲ್ಲದ ಟೇಬಲ್‌ಗಳು ಕಾಡುತ್ತವೆ. ತಂಡಕ್ಕೆ ಅನುಭವ ಇಲ್ಲದಿದ್ದರೆ ನಾಲ್ಕು ಗಂಟೆ ಡೌನ್‌ಟೈಮ್ ಜಾಸ್ತಿ ಕೇಳಿ ಎಕ್ಸ್‌ಟಿಟಿಎಸ್ ಹಿಡಿಯುವುದೇ ಮೇಲು.

ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್ ಕಲಿಯುವವರಿಗೆ ಒಂದು ಮಾತು. ಅಲ್ಲಿ ಎಂಡಿಯನ್ ಒಂದೇ ಇದ್ದರೂ ಹೊಂಡ ಇದೆ. ಲಿನಕ್ಸ್‌ನ ಮೂಲ ಲೈಬ್ರರಿಯಾದ ಜಿಲಿಬ್‌ಸಿಯ 2018ರ 2.28 ವರ್ಷನ್‌ನಲ್ಲಿ ಅಕ್ಷರಗಳ ವಿಂಗಡಣೆ ಕ್ರಮ ಬದಲಾಯಿತು. ರೆಡ್ ಹ್ಯಾಟ್ ಲಿನಕ್ಸ್ 7ರಿಂದ 8ಕ್ಕೆ ಸ್ಟ್ರೀಮಿಂಗ್ ರೆಪ್ಲಿಕೇಶನ್‌ನಲ್ಲಿ (ಫೈಲ್‌ಗಳ ಯಥಾವತ್ತು ನಕಲಿನಲ್ಲಿ) ದಾಟಿದರೆ ಟೆಕ್ಸ್ಟ್ ಕಾಲಂ ಇಂಡೆಕ್ಸ್‌ಗಳು ಹಳೆಯ ಕ್ರಮದಲ್ಲೇ ಇರುತ್ತವೆ. ಸಾಲು ಟೇಬಲ್‌ನಲ್ಲಿದ್ದರೂ ಹುಡುಕಿದಾಗ ಸಿಗದೆ ಹೋಗಬಹುದು. ಆ ಇಂಡೆಕ್ಸ್‌ಗಳನ್ನು ರೀಇಂಡೆಕ್ಸ್ ಮಾಡಲೇಬೇಕು.

ವಾಪಸ್ ಬರುವ ದಾರಿ

ಭಾನುವಾರ ಬೆಳಿಗ್ಗೆ ಹೊಸ ಡೇಟಾಬೇಸ್ ತೆರೆದಿರಿ, ಜನ ಕೆಲಸ ಶುರು ಮಾಡಿದರು, ಸೋಮವಾರ ಮಧ್ಯಾಹ್ನ ದೊಡ್ಡ ತೊಂದರೆ ಕಂಡಿತು. ಡೇಟಾ ಪಂಪ್ ಅಥವಾ ಎಕ್ಸ್‌ಟಿಟಿಎಸ್‌ನಲ್ಲಿ ಹಳೆಯದಕ್ಕೆ ಮರಳಿದರೆ ಭಾನುವಾರದಿಂದ ಬಂದ ಡೇಟಾ ಹೋಯಿತು. ಅದು ಹೋಗಬಾರದು ಅಂದರೆ ತೆರೆಯುವ ಮೊದಲೇ ಹೊಸದರಿಂದ ಹಳೆಯದಕ್ಕೆ ಗೋಲ್ಡನ್‌ಗೇಟನ್ನು ತಿರುಗಿಸಿ ಇಟ್ಟಿರಬೇಕು. ಅದಕ್ಕೆ ಹಣವೋ ಸಮಯವೋ ಇಲ್ಲದಿದ್ದರೆ ಡೇಟಾಬೇಸ್ ತೆರೆಯುವುದಕ್ಕೆ ಮುಂಚಿನ ಪರೀಕ್ಷೆಗೇ ಡೌನ್‌ಟೈಮ್‌ನಲ್ಲಿ ಎರಡು ಗಂಟೆ ಕಾದಿಡಿ: ಮುಖ್ಯ ಟೇಬಲ್‌ಗಳ ಸಾಲುಗಳ ಎಣಿಕೆ, ಇನ್ವ್ಯಾಲಿಡ್ ಆಬ್ಜೆಕ್ಟ್‌ಗಳು, ತಿಂಗಳ ಕೊನೆಯ ರಿಪೋರ್ಟ್‌ನ ಮೊತ್ತ. ತೆರೆಯಬೇಕಾ ಬೇಡವಾ ಎಂದು ಯಾರು ಹೇಳುತ್ತಾರೆ, ಎಷ್ಟು ಗಂಟೆಯೊಳಗೆ ಹೇಳುತ್ತಾರೆ ಎಂಬುದನ್ನು ಪ್ಲಾನ್‌ನಲ್ಲಿ ಮೊದಲೇ ಬರೆದಿಡಿ. ಈ ಎರಡು ಗಂಟೆ ಕಳೆದರೆ ನಮ್ಮ ಲೆಕ್ಕದ 8 ಗಂಟೆಯಲ್ಲಿ ಉಳಿಯುವುದು 6. ವಿಧಾನ ಆರಿಸುವುದು ಆ 6 ಗಂಟೆಯನ್ನು ಇಟ್ಟುಕೊಂಡು.