ಕಣ್ಣು ಈ ಪರದೆಯಲ್ಲಿ, ಅಕ್ಷರ ಆ ಪರದೆಯಲ್ಲಿ

ಬಸವನಗುಡಿಯ ನಮ್ಮ ಮನೆಯಲ್ಲಿ ನನ್ನ ಮೇಜಿನ ಮೇಲೆ ಎರಡು ಮಾನಿಟರ್ ಇವೆ. ಎಡಗಡೆ ನಿಘಂಟು ಮತ್ತು ಆಫೀಸಿನ ಚಾಟ್, ಬಲಗಡೆ ಅನುವಾದ. ಎರಡನೆಯದನ್ನು ಲಾಕ್‌ಡೌನ್ ಸಡಿಲವಾದ ಮೇಲೆ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ತಂದಿದ್ದು.

ಹೋದ ವಾರ ಚಾಟ್‌ನಲ್ಲಿ ಒಬ್ಬರಿಗೆ ಉತ್ತರ ಕೊಟ್ಟೆ. ಆಮೇಲೆ ಮೌಸನ್ನು ಬಲಗಡೆಗೆ ತಂದು ಚಕ್ರ ತಿರುಗಿಸಿದೆ. ಪುಟ ಸರಿಯಿತು. ತೊಡೆಯ ಮೇಲಿದ್ದ ಮೂಲ ಪ್ರತಿ ನೋಡಿಕೊಂಡು ಎರಡು ಪ್ಯಾರಾ ಟೈಪ್ ಮಾಡಿ ತಲೆ ಎತ್ತಿದರೆ ಬಲಗಡೆ ಒಂದಕ್ಷರವೂ ಇಲ್ಲ. ಎಲ್ಲಾ ಚಾಟ್‌ಗೆ ಹೋಗಿತ್ತು. ಎಂಟರ್ ಒತ್ತಿದ್ದರಿಂದ ಮೊದಲ ಪ್ಯಾರಾ ಆಗಲೇ ಗುಂಪಿನಲ್ಲಿತ್ತು. ಇನ್ನೂ ಯಾರಿಗೂ ತೋರಿಸಬಾರದ ಕರಡು ಅದು.

ಎರಡು ಮಾನಿಟರ್ ಇಟ್ಟುಕೊಂಡ ಎಲ್ಲರಿಗೂ ಇಂಥದ್ದು ಆಗಿರುತ್ತದೆ ಅಲ್ವಾ? ಮಾನಿಟರ್ ಎಷ್ಟೇ ಇರಲಿ, ಕೀಬೋರ್ಡ್ ಒಂದೇ. ಒತ್ತಿದ ಅಕ್ಷರ ಯಾವುದೋ ಒಂದು ವಿಂಡೋಗೆ ಹೋಗಬೇಕು. ಆ ವಿಂಡೋ ಯಾವುದು ಅನ್ನುವುದಕ್ಕೇ ಫೋಕಸ್ ಎನ್ನುತ್ತಾರೆ.

1970ರ ದಶಕದಲ್ಲಿ ಜೆರಾಕ್ಸ್ ಕಂಪನಿಯ ಪಾರ್ಕ್ ಎಂಬ ಸಂಶೋಧನಾ ಲ್ಯಾಬಿನಲ್ಲಿ ಒಂದರ ಮೇಲೊಂದು ಕೂರುವ ವಿಂಡೋಗಳು ಬಂದವು, 1984ರ ಆ್ಯಪಲ್ ಮ್ಯಾಕಿಂಟಾಷ್ ಅವನ್ನು ಜನರ ಮೇಜಿಗೆ ತಂದಿತು, 1987ರ ಮ್ಯಾಕಿಂಟಾಷ್ 2ಕ್ಕೆ ಹಲವು ಮಾನಿಟರ್ ಜೋಡಿಸಬಹುದಾಯಿತು, 1998ರಲ್ಲಿ ವಿಂಡೋಸ್ ಕೂಡ ಅಲ್ಲಿಗೆ ಬಂತು. ಯೂನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಕಡೆ ಇನ್ನೊಂದು ದಾರಿಯೂ ಇತ್ತು. ಮೌಸ್ ಯಾವ ವಿಂಡೋ ಮೇಲಿದೆಯೋ ಅಕ್ಷರವೂ ಅಲ್ಲಿಗೇ, ಕ್ಲಿಕ್ಕೇ ಬೇಡ. ಅದು ಎಲ್ಲರಿಗೂ ಒಗ್ಗಲಿಲ್ಲ.

ಒಂದೇ ಮಾನಿಟರ್ ಇದ್ದಾಗ ಮೇಲೆ ಕೂತ ವಿಂಡೋಗೇ ಸಾಮಾನ್ಯವಾಗಿ ಫೋಕಸ್. ಉಳಿದವು ಅದರ ಹಿಂದೆ ಮರೆಯಾಗಿರುತ್ತಿದ್ದವು. ಎರಡಾದ ಕೂಡಲೇ ಆ ಗುರುತು ಹೋಯಿತು. ಎರಡು ಕಡೆಯೂ ಒಂದೊಂದು ವಿಂಡೋ ಪೂರ್ತಿಯಾಗಿ ಕಾಣುತ್ತದೆ, ಎರಡೂ ಸಿದ್ಧವಾಗಿರುವ ಹಾಗೆಯೇ ಕಾಣುತ್ತವೆ. ಆಗ ಉಳಿದದ್ದು ಟೈಟಲ್ ಬಾರ್‌ನ, ಅಂದರೆ ವಿಂಡೋದ ಮೇಲಂಚಿನ ಪಟ್ಟಿಯ ಬಣ್ಣ. ವಿಂಡೋಸ್ 95ರಲ್ಲಿ ಫೋಕಸ್ ಇದ್ದದ್ದು ಕಡು ನೀಲಿ, ಇಲ್ಲದ್ದು ಬೂದು. ಕಣ್ಣಂಚಿನಲ್ಲೇ ಗೊತ್ತಾಗುತ್ತಿತ್ತು. ವಿಂಡೋಸ್ ವಿಸ್ತಾ ಮತ್ತು 7ರಲ್ಲಿ ಗಾಜಿನ ಅಂಚು ಬಂತು, ಮುಚ್ಚುವ ಗುಂಡಿಯ ಕೆಂಪೇ ದೊಡ್ಡ ಸುಳಿವು. 2015ರಲ್ಲಿ ವಿಂಡೋಸ್ 10 ಬಂದಾಗ ಎಲ್ಲ ಟೈಟಲ್ ಬಾರ್‌ಗಳೂ ಬಿಳಿ. ಅದೇ ವರ್ಷದ ಕೊನೆಗೆ ಬಣ್ಣ ವಾಪಸ್ ಕೊಟ್ಟರು, ಆದರೆ ನಾವೇ ಸೆಟ್ಟಿಂಗ್ಸ್‌ಗೆ ಹೋಗಿ ಟಿಕ್ ಹಾಕಬೇಕು. ಮಾನಿಟರ್ ಹೆಚ್ಚಾಗುವ ಕಾಲದಲ್ಲೇ ಗುರುತು ಮಾಸುತ್ತಾ ಹೋಯಿತು. ನನಗೆ ಇಡೀ ಕಥೆಯಲ್ಲಿ ನೋವಾಗುವುದು ಇದೇ.

ಚಕ್ರದ ಬದಲಾವಣೆಯೂ ಅದೇ ವಿಂಡೋಸ್ 10ರದ್ದು. ಫೋಕಸ್ ಇಲ್ಲದ ವಿಂಡೋ ಕೂಡ ಮೌಸ್ ಮೇಲಿದ್ದರೆ ಸಾಕು, ಸ್ಕ್ರೋಲ್ ಆಗುತ್ತದೆ. ಅನುಕೂಲವೇ, ಇಲ್ಲ ಎನ್ನುವುದಿಲ್ಲ. ಆದರೆ ಚಕ್ರ ಮೌಸಿನ ಮಾತು ಕೇಳುತ್ತದೆ, ಕೀಲಿಗಳು ಫೋಕಸ್‌ನ ಮಾತು ಕೇಳುತ್ತವೆ. ನನ್ನ ಎರಡು ಪ್ಯಾರಾ ದಾರಿ ತಪ್ಪಿದ್ದು ಅಲ್ಲೇ.

ತಾನಾಗೇ ಮುಂದೆ ನುಗ್ಗುವ ವಿಂಡೋಗಳದ್ದು ಇನ್ನೊಂದು ಎಳೆ. ವಿಂಡೋಸ್ 95ರಲ್ಲಿ ಯಾವ ಪ್ರೋಗ್ರಾಂ ಬೇಕಾದರೂ ಫೋಕಸ್ ಕಿತ್ತುಕೊಳ್ಳಬಹುದಿತ್ತು. 98ರಿಂದ ಅದಕ್ಕೆ ತಡೆ ಬಂತು, ಬದಲಿಗೆ ಟಾಸ್ಕ್‌ಬಾರ್‌ನ ಗುಂಡಿ ಮಿನುಗಬೇಕು. ಆದರೆ ಟಾಸ್ಕ್‌ಬಾರ್ ಎಲ್ಲ ಮಾನಿಟರ್‌ನಲ್ಲೂ ಬಂದಿದ್ದು 2012ರ ವಿಂಡೋಸ್ 8ರಲ್ಲಿ. ಅಲ್ಲಿಯವರೆಗೆ ಅದು ಒಂದು ಕಡೆ ಮಿನುಗುತ್ತಿತ್ತು, ನಾವು ಇನ್ನೊಂದು ಕಡೆ ನೋಡುತ್ತಿದ್ದೆವು.

ಕನ್ನಡದಲ್ಲಿ ಟೈಪ್ ಮಾಡುವವರಿಗೆ ಅದೇ ವಿಂಡೋಸ್ 8ರಲ್ಲಿ ಇನ್ನೊಂದು ಗುರುತೂ ತಪ್ಪಿತು. ಅದಕ್ಕೆ ಮುಂಚೆ ಕೀಬೋರ್ಡ್ ಭಾಷೆ ವಿಂಡೋಗೊಂದು ಇರುತ್ತಿತ್ತು. ನಿಘಂಟಿನಲ್ಲಿ ಇಂಗ್ಲಿಷ್, ಅನುವಾದದಲ್ಲಿ ಕನ್ನಡ. ‘ಕ’ ಒತ್ತಿದಾಗ ಇಂಗ್ಲಿಷ್ ಅಕ್ಷರ ಬಿದ್ದರೆ ತಪ್ಪು ಜಾಗ ಎಂದು ಕೈಗೇ ತಿಳಿಯುತ್ತಿತ್ತು. ಆಮೇಲೆ ಎಲ್ಲ ವಿಂಡೋಗಳಿಗೂ ಒಂದೇ ಭಾಷೆ ಆಯಿತು. ಹಳೆಯದು ಬೇಕಿದ್ದರೆ ಕೀಬೋರ್ಡಿನ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ನಲ್ಲಿ ಟಿಕ್ ಹಾಕಬೇಕು. ಅಂಥದ್ದೊಂದು ಇದೆ ಎಂದು ಎಷ್ಟು ಜನರಿಗೆ ಗೊತ್ತು?

ಬೇರೆ ಕಡೆ ಕೆಲಸ ನಡೆದಿದೆ. 2013ರಿಂದ ಮ್ಯಾಕ್‌ನಲ್ಲಿ ಪ್ರತಿ ಮಾನಿಟರ್‌ಗೂ ಸ್ವಂತ ಮೆನು ಬಾರ್ ಇದೆ, ಕೆಲಸ ನಡೆಯದ ಕಡೆಯದು ಮಂಕಾಗುತ್ತದೆ. 2023ರಲ್ಲಿ ಬಂದ ಮ್ಯಾಕ್ ಆವೃತ್ತಿ ಸೊನೊಮಾದಿಂದ ಒಂದು ಆ್ಯಪ್ ಮುಂದೆ ಬರಲು ಕೇಳಿಕೊಳ್ಳಬಹುದು, ನುಗ್ಗುವಂತಿಲ್ಲ. ಲಿನಕ್ಸ್‌ನಲ್ಲಿ ವಿಂಡೋಗಳನ್ನು ಪರದೆಗೆ ತರುವ ವೇಲ್ಯಾಂಡ್ ವ್ಯವಸ್ಥೆಯಲ್ಲೂ ಫೋಕಸ್ ಕೇಳಲು ಟೋಕನ್, ಅಂದರೆ ಒಂದು ಅನುಮತಿ ಚೀಟಿ, ತೋರಿಸಬೇಕು.

ನಾನು ಆ ಎರಡೂ ಟಿಕ್ ಹಾಕಿಕೊಂಡೆ. ಟೈಟಲ್ ಬಾರ್‌ಗೆ ಕುಂಕುಮದ ಬಣ್ಣ ಕೊಟ್ಟಿದ್ದೇನೆ. ನಿನ್ನೆ ಟೈಪ್ ಮಾಡಲು ಕೈ ಇಟ್ಟಾಗ ಎಡಗಡೆ ಕೆಂಪು ಕಂಡಿತು. ಬಲಗಡೆ ಒಂದು ಸಲ ಕ್ಲಿಕ್ ಮಾಡಿ ಶುರು ಮಾಡಿದೆ.